ಊಟ ಬಲ್ಲವರ ಮನೆಯ ರೋಗ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಶಾಲೆಯಲ್ಲಿ ‘ಗಾದೆಯನ್ನು ವಿಸ್ತರಿಸಿ ಬರೆಯಿರಿ’ ಎಂದಾಗ ನಾವೆಲ್ಲ ಒಮ್ಮೆಯಾದರೂ ಬರೆದಿರುವ ಗಾದೆ ಇದು. ಹಿತಮಿತವಾಗಿ ತಿನ್ನಬೇಕು, ಯೋಚಿಸಿ ಆಡಬೇಕು ಎಂದು ಒಂದು ಪುಟ ತುಂಬಿಸಿ, ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬ ಸಾಲನ್ನು ಕೊನೆಗೆ ಅಂಟಿಸಿದರೆ ಅಂಕ ಖಾತ್ರಿ. ದೊಡ್ಡವರಾದ ಮೇಲೆ ಗಾದೆಗಳನ್ನು ಬರೆಯುವ ಪ್ರಮೇಯ ಬರುವುದಿಲ್ಲ, ಕೇಳಿಸಿಕೊಳ್ಳುವ ಪ್ರಮೇಯ ಬರುತ್ತದೆ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದ ಮೇಲಂತೂ ನೋಡಲು ಬಂದವರಲ್ಲಿ ಒಬ್ಬರಾದರೂ, ತಂದ ಎಳನೀರು ಮೂಸಂಬಿಯನ್ನು ಟೀಪಾಯಿಯ ಮೇಲಿಟ್ಟು, ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಈ ಗಾದೆಯ ಮೊದಲರ್ಧ ಹೇಳಿಯೇ ಏಳುತ್ತಾರೆ. ಹಾಗೆ ಹೇಳುವ ಹೊತ್ತಿನಲ್ಲಿ ಎರಡನೆಯ ಅರ್ಧ ಅವರಿಗೆ ನೆನಪಿರುವುದಿಲ್ಲ.

ನಮ್ಮ ಮನೆಯಲ್ಲೂ ಹೇಳಿದರು. ಅಪ್ಪನ ಎಡಗೆನ್ನೆಯ ಒಳಗೆ ಎದ್ದ ಹುಣ್ಣು ತಿಂಗಳಾದರೂ ಮಾಯದೆ, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿ, ಅದೇ ಎಂದು ಖಚಿತವಾದ ವಾರ ಅದು. ಅಪ್ಪ ಚನ್ನಗಿರಿ ಸೀಮೆಯ ತೋಟದ ಮನುಷ್ಯ. ಎಲೆ, ಅಡಿಕೆ, ಸುಣ್ಣ, ಒಂದೆಸಳು ಹೊಗೆಸೊಪ್ಪು ಬಾಯಲ್ಲಿಲ್ಲದ ಹೊತ್ತೆಂದರೆ ಊಟದ ಹೊತ್ತು, ನಿದ್ದೆಯ ಹೊತ್ತು ಮಾತ್ರ. ಹಾಗಾಗಿ ಬಂದವರ ಮಾತು ಕಟುವಾಗಿದ್ದರೂ ಪೂರಾ ಸುಳ್ಳಾಗಿರಲಿಲ್ಲ. ಹೊಗೆಸೊಪ್ಪಿನ ಮಾತು ಹಾಗಿರಲಿ, ಬರೀ ಅಡಿಕೆಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ವರದಿಯಲ್ಲಿ ಅದನ್ನು ಮೊದಲ ಗುಂಪಿಗೆ ಸೇರಿಸಿದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. 2013ರಲ್ಲಿ ಸರ್ಕಾರ ಗುಟ್ಕಾ ನಿಷೇಧಿಸಿತು. ಅಡಿಕೆ ಮಾತ್ರ ಮದುವೆಮನೆಯ ತಟ್ಟೆಯಲ್ಲಿದೆ, ದೇವರ ಮುಂದಿದೆ, ನಮ್ಮಂಥವರ ಕಾಲೇಜು ಫೀಜಿನಲ್ಲೂ ಇತ್ತು. ಅಪ್ಪನಿಗೆ ವರ್ಷಗಟ್ಟಲೆ ತಾಂಬೂಲ ಕೊಟ್ಟು ಮರ್ಯಾದೆ ಮಾಡಿದವರೇ ಬಂದು ಕೂತು ‘ಊಟ ಬಲ್ಲವನಿಗೆ’ ಎಂದು ರಾಗ ಎಳೆದಾಗ ಸಿಟ್ಟಿಗಿಂತ ನಗುವೇ ಬರುತ್ತಿತ್ತು.

ಇಷ್ಟಕ್ಕೂ ಗಾದೆ ಕೊಡುವ ಭರವಸೆ ಕ್ಯಾನ್ಸರ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಗಂಟೆಯೂ ನಿಲ್ಲುವುದಿಲ್ಲ. ಕ್ಯಾನ್ಸರ್‌ಗಳಲ್ಲಿ ಶೇ. 30ರಿಂದ 50ರಷ್ಟನ್ನು ತಡೆಯಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಾದೆಯ ಪಾಲಿಗೆ ಅಷ್ಟೇ ಬಂತು. ಮಿಕ್ಕದ್ದು? ಎಲೆ-ಅಡಿಕೆ ಮುಟ್ಟದ, ಈರುಳ್ಳಿಯನ್ನೂ ತಿನ್ನದ ಹೆಂಗಸರು ಅಲ್ಲಿ ಬೆಂಚಿನ ಮೇಲೆ ಚೀಟಿ ಹಿಡಿದು ಕೂತಿರುತ್ತಾರೆ. ರಕ್ತದ ಕ್ಯಾನ್ಸರ್ ಆಗಿ ತಂದೆಯ ಹೆಗಲ ಮೇಲೆ ಮಲಗಿರುವ ಮಗು ಊಟದಲ್ಲಿ ಯಾವ ತಪ್ಪು ಮಾಡಿತ್ತು?

ಹಾಗೆಂದು ಗಾದೆಯನ್ನು ಎತ್ತಿ ಎಸೆಯಲು ನನಗೆ ಮನಸ್ಸಿಲ್ಲ. ಅದನ್ನು ಹೇಳುತ್ತಿರುವುದು ತಪ್ಪು ಜನರಿಗೆ, ತಪ್ಪು ಕಾಲದಲ್ಲಿ ಎಂದಷ್ಟೇ ನನ್ನ ತಕರಾರು. ರೋಗಿಗೆ ಹೇಳಿದರೆ ಅದು ಮುಗಿದುಹೋದ ದಿನಗಳ ಮೇಲೆ ಹೊರಿಸುವ ಆರೋಪ. ರೋಗಿಯನ್ನು ನೋಡಿಕೊಳ್ಳುವವರಿಗೆ ಹೇಳಿದರೆ ಅದೇ ಗಾದೆ ನಾಳೆ ಬೆಳಿಗ್ಗೆಯಿಂದ ಮಾಡಬೇಕಾದ ಕೆಲಸದ ಪಟ್ಟಿ. ತಂದೆಯನ್ನೋ ತಾಯಿಯನ್ನೋ ಚಿಕಿತ್ಸೆಯ ಉದ್ದಕ್ಕೂ ನೋಡಿಕೊಂಡವರನ್ನು ಕೇಳಿ ನೋಡಿ. ಔಷಧಿಯ ಹೊಣೆ ಡಾಕ್ಟರದು, ಯಂತ್ರದ ಹೊಣೆ ತಂತ್ರಜ್ಞರದು. ಮನೆಯವರ ಪಾಲಿಗೆ ಉಳಿಯುವುದು ಇವೆರಡೇ: ಇವತ್ತು ಏನು ಉಣ್ಣಿಸುವುದು, ಇವತ್ತು ಏನು ಹೇಳುವುದು.

ಊಟವನ್ನೂ ಮಾತನ್ನೂ ಗಾದೆ ಒಟ್ಟಿಗೆ ಇಟ್ಟಿರುವುದು ಬಾಯಿಯ ಕ್ಯಾನ್ಸರ್ ಆದವರ ಮನೆಯಲ್ಲಿ ಕಣ್ಣಿಗೆ ಹೊಡೆದು ಕಾಣುತ್ತದೆ. ಎರಡಕ್ಕೂ ಇರುವುದು ಒಂದೇ ಬಾಗಿಲು. ರೋಗ ಅದೇ ಬಾಗಿಲಿಗೆ ಬಂದು ಕೂತಿದೆ. ಅಪ್ಪನ ಕೆಳದವಡೆಯ ಒಂದು ಭಾಗವನ್ನೂ ಕೆನ್ನೆಯ ಒಳಭಾಗವನ್ನೂ ತೆಗೆದು, ಎದೆಯ ಮಾಂಸ ತಂದು ಮುಚ್ಚಿ, ಮೂಗಿನಿಂದ ಹೊಟ್ಟೆಗೆ ತೆಳುವಾದ ನಳಿಕೆಯೊಂದನ್ನು ಇಳಿಸಿದರು. ಆ ದಿನಗಳಲ್ಲಿ ಅವರು ತಿನ್ನುವ ಹಾಗೂ ಇರಲಿಲ್ಲ, ಮಾತಾಡುವ ಹಾಗೂ ಇರಲಿಲ್ಲ. ಬೇಕಾದ್ದನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಿದ್ದರು. ಬರೆದ ಮೊದಲ ಸಾಲು ‘ಮೋಟರ್ ರಿಪೇರಿ ಆಯ್ತಾ?’ ತೋಟದ ಬೋರಿನ ಮೋಟರು. ಎರಡನೆಯದು, ‘ನಿಮ್ಮವ್ವ ಉಂಡ್ಲಾ?’

ಕನ್ನಡಿಗರು ಭೇಟಿಯಾದ ಕೂಡಲೇ ಕೇಳುವ ಪ್ರಶ್ನೆಯೇ ‘ಊಟ ಆಯ್ತಾ?’ ಅದರಲ್ಲಿ ಊಟದ ವಿಚಾರಣೆ ಕಡಿಮೆ, ನೆಂಟತನವೇ ಹೆಚ್ಚು. ಆದರೆ ನಳಿಕೆ ಹಾಕಿದವರ ಮುಂದೆ ನಿಂತು ಅಭ್ಯಾಸಬಲದಿಂದ ಹಾಗೆ ಕೇಳಿ ನಾಲಿಗೆ ಕಚ್ಚಿಕೊಂಡ ಎಷ್ಟೋ ಮಂದಿಯನ್ನು ನೋಡಿದೆ. ಅಪ್ಪನಿಗೆ ಅದರಿಂದ ಬೇಜಾರಾಗುತ್ತಿರಲಿಲ್ಲ. ಕೈ ಎತ್ತಿ ಸ್ಟ್ಯಾಂಡಿಗೆ ತೂಗುಹಾಕಿದ ಸಿರಿಂಜನ್ನು ತೋರಿಸಿ ಕಣ್ಣಲ್ಲೇ ನಗುತ್ತಿದ್ದರು. ಕೇಳಿದವರಿಗೇ ಆಮೇಲೆ ಮಾತು ಹೊರಡುತ್ತಿರಲಿಲ್ಲ.

ನಳಿಕೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ‘ಮೂಗಿಗೆ ಪೈಪ್ ಹಾಕ್ಯಾರಂತೆ’ ಎಂಬ ಸುದ್ದಿ ಊರಿಗೆ ಮುಟ್ಟಿದರೆ ಕತೆ ಮುಗಿಯಿತು ಎಂದೇ ಜನ ತಿಳಿಯುತ್ತಾರೆ. ಹಾಗೇನಿಲ್ಲ. ಬಾಯಿಗೆ ವಿಶ್ರಾಂತಿ ಬೇಕಾದಾಗ ಹೊಟ್ಟೆಗೆ ಮಾಡಿಕೊಟ್ಟ ಅಡ್ಡದಾರಿ ಅದು, ಎಷ್ಟೋ ಜನರಿಗೆ ಕೆಲವು ವಾರಗಳ ನಂತರ ತೆಗೆಯುತ್ತಾರೆ. ಅದು ಇರುವಷ್ಟು ದಿನ ಅಡುಗೆಮನೆಯ ಲೆಕ್ಕಾಚಾರವೇ ಬೇರೆ. ರಾಗಿ ಅಂಬಲಿ, ಹೆಸರುಬೇಳೆ ಕಟ್ಟು, ಹಾಲು, ಮೊಟ್ಟೆ ಬೇಯಿಸಿ ಅರೆದದ್ದು, ಎಲ್ಲವೂ ಮಿಕ್ಸಿಯಲ್ಲಿ ನುಣ್ಣಗಾಗಿ ಚಹಾ ಸೋಸುವ ಜಾಲರಿಯಲ್ಲಿ ಇಳಿಯಬೇಕು. ಒಂದು ರಾಗಿಹೊಟ್ಟು ಸಿಕ್ಕಿಕೊಂಡರೂ ನಳಿಕೆ ಕಟ್ಟುತ್ತದೆ. ಮೂಗಿನ ಹತ್ತಿರ ನಳಿಕೆಯ ಮೇಲಿರುವ ಗುರುತು ಜಾರಿಲ್ಲ ತಾನೆ ಎಂದು ನೋಡಿಯೇ ಶುರುಮಾಡಬೇಕು. ತಲೆಯ ಕಡೆ ಎತ್ತರಿಸಿ ಕೂರಿಸಬೇಕು, ಉಣಿಸಿದ ಮೇಲೂ ಅರ್ಧ ಗಂಟೆ ಮಲಗಿಸಬಾರದು. ಮೊದಲೊಮ್ಮೆ, ಆಮೇಲೊಮ್ಮೆ ನೀರು ಹಾಯಿಸಬೇಕು. ಸಿರಿಂಜನ್ನು ಒತ್ತದೆ, ಎತ್ತರಕ್ಕೆ ಹಿಡಿದು, ತಾನಾಗಿ ಇಳಿಯಲು ಬಿಡಬೇಕು. ಅವ್ವ ಶಾಲೆ ಓದಿದ್ದು ನಾಲ್ಕನೇ ಕ್ಲಾಸು. ನರ್ಸು ತೋರಿಸಿಕೊಟ್ಟ ಇಷ್ಟನ್ನೂ ಅವಳು ಎರಡು ದಿನದಲ್ಲಿ ಕೈಗೆ ಹತ್ತಿಸಿಕೊಂಡಳು, ಆಮೇಲೆ ನಮ್ಮ ಕೈಗೆ ಸಿರಿಂಜು ಕೊಡಲೇ ಇಲ್ಲ.

ಗಾಯ ಒಣಗಿದ ಮೇಲೆ ಕರೆಂಟು. ರೇಡಿಯೇಷನ್ನಿಗೆ ನಮ್ಮ ಜನ ಇಟ್ಟಿರುವ ಹೆಸರು ಅದು. ‘ಕರೆಂಟ್ ಕೊಡಿಸ್ತಿದೀವಿ’, ‘ಇನ್ನೂ ಹತ್ತು ಕರೆಂಟ್ ಐತೆ’. ತಲೆ-ಕತ್ತಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಒತ್ತಿ ಅಚ್ಚು ತೆಗೆದು, ದಿನವೂ ಅದೇ ಮುಖವಾಡ ತೊಡಿಸಿ ಮೇಜಿಗೆ ಬಿಗಿಯುತ್ತಾರೆ, ತಲೆ ಕೂದಲೆಳೆಯಷ್ಟೂ ಅಲುಗಬಾರದು ಎಂದು. ಎಷ್ಟೋ ಜನರಿಗೆ ಅದರ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಕೂಡ. ಮೊದಲ ಎರಡು ವಾರ ಏನೂ ಅನಿಸುವುದಿಲ್ಲ, ಇಷ್ಟೇನಾ ಎಂದುಕೊಳ್ಳುತ್ತಾರೆ. ಮೂರನೆಯ ವಾರದ ಹೊತ್ತಿಗೆ ಬಾಯೊಳಗೆಲ್ಲ ಹುಣ್ಣು, ಎಂಜಲು ಅಂಟಿನಂತೆ ಗಟ್ಟಿ, ನಾಲಿಗೆಗೆ ರುಚಿಯೇ ಇಲ್ಲ. ‘ಏನ್ ಇಟ್ರೂ ಸುಣ್ಣ ನೆಕ್ಕಿದಂಗೆ ಆಗ್ತೈತೆ’ ಎಂದು ಬರೆದರು ಅಪ್ಪ. ಜೀವಮಾನವಿಡೀ ಸುಣ್ಣ ತಿಂದವರ ಮಾತು, ನಂಬಲೇಬೇಕು.

ಗಾದೆ ಹೇಳುವ ‘ಊಟ ಬಲ್ಲವನು’ ತನ್ನ ಹಸಿವನ್ನು, ತನ್ನ ರುಚಿಯನ್ನು, ತನ್ನ ಹೊಟ್ಟೆಯ ಅಳತೆಯನ್ನು ತಾನೇ ಬಲ್ಲವನು. ಚಿಕಿತ್ಸೆ ಇವು ಮೂರನ್ನೂ ಕಿತ್ತುಕೊಳ್ಳುತ್ತದೆ. ಹಸಿವಾಗುವುದಿಲ್ಲ, ರುಚಿ ತಿಳಿಯುವುದಿಲ್ಲ, ಎರಡು ಚಮಚಕ್ಕೇ ಹೊಟ್ಟೆ ತುಂಬಿದಂತಾಗುತ್ತದೆ. ಆದರೆ ಸುಟ್ಟ ಚರ್ಮ, ಹೊಲಿದ ಗಾಯ ಎಲ್ಲ ಕೂಡಿಕೊಳ್ಳಲು ದೇಹಕ್ಕೆ ಮಾಮೂಲಿಗಿಂತ ಹೆಚ್ಚು ಅನ್ನ, ಹೆಚ್ಚು ಪ್ರೋಟೀನು ಬೇಕಾಗಿರುವುದು ಆಗಲೇ. ರೇಡಿಯೇಷನ್ ವಿಭಾಗದಲ್ಲಿ ವಾರವಾರ ತೂಕ ನೋಡುವುದು ಸುಮ್ಮನೆ ಅಲ್ಲ. ತೂಕ ಇಳಿದರೆ ಮುಖ ಸಣ್ಣದಾಗುತ್ತದೆ, ಮುಖವಾಡ ಸಡಿಲವಾಗುತ್ತದೆ, ಕಿರಣ ಬೀಳಬೇಕಾದ ಜಾಗ ಅತ್ತಿತ್ತ ಆಗುತ್ತದೆ. ಕೆಲವೊಮ್ಮೆ ಹೊಸ ಅಚ್ಚು ತೆಗೆದು ಲೆಕ್ಕವನ್ನೇ ಮತ್ತೆ ಹಾಕಬೇಕಾಗುತ್ತದೆ. ಒಂದು ಲೋಟ ಅಂಬಲಿಗೂ ಕಿರಣದ ಗುರಿಗೂ ಹೀಗೊಂದು ಸಂಬಂಧ ಇದೆ ಎಂದು ತಿಳಿದ ಮೇಲೆ ಅಡುಗೆಮನೆಯಲ್ಲಿ ನಿಂತವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಊಟದ ಬಗೆಗೆ ನಮ್ಮಲ್ಲಿ ಇನ್ನೊಂದು ಮಾತಿದೆ. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ, ನಾಲ್ಕು ಹೊತ್ತು ಉಂಡವನ ಹೊತ್ಕೊಂಡ್ಹೋಗಿ. ನಮ್ಮ ಮನೆಯಲ್ಲಿ ಅಪ್ಪನೇ ಇದನ್ನು ಆಗಾಗ ಹೇಳುತ್ತಿದ್ದುದು. ಆಹಾರತಜ್ಞೆ ಬರೆದುಕೊಟ್ಟ ಚೀಟಿಯಲ್ಲಿ ದಿನಕ್ಕೆ ಏಳೆಂಟು ಸಲ, ಎರಡು ಗಂಟೆಗೊಮ್ಮೆ ಎಂದಿತ್ತು. ಅದನ್ನು ಓದಿ ಅವರು ಕ್ಯಾಲೆಂಡರಿನ ಮೇಲೆ ‘ಹಂಗಾದ್ರೆ ಹೊತ್ಕೊಂಡ್ ಹೋಗೋದು ಯಾವಾಗ’ ಎಂದು ಬರೆದು ಅವ್ವನ ಕೈಲಿ ಬೈಸಿಕೊಂಡರು. ಗಟ್ಟಿಮುಟ್ಟಾದವರಿಗೆ ಹೇಳಿದ ಮಾತು ಚಿಕಿತ್ಸೆಯಲ್ಲಿರುವವರಿಗೆ ತಿರುಗಾ ಮುರುಗಾ ಆಗುತ್ತದೆ: ಇಲ್ಲಿ ಒಂದು ಹೊತ್ತು ಉಂಡವನೇ ರೋಗಿ. ಅಪ್ಪ ಶನಿವಾರದ ಒಪ್ಪೊತ್ತನ್ನೂ ಬಿಡಲು ಒಪ್ಪಿರಲಿಲ್ಲ. ರೋಗಿಗೆ ನೇಮವಿಲ್ಲ ಎಂದು ಊರಿನ ಪುರೋಹಿತರಿಂದ ಫೋನಿನಲ್ಲಿ ಹೇಳಿಸಿದ ಮೇಲೆ ಒಪ್ಪಿದರು. ಡಾಕ್ಟರು ಹೇಳಿದ್ದಕ್ಕಿಂತ ಪುರೋಹಿತರು ಹೇಳಿದ್ದು ನಾಟಿತು; ಯಾರ ಬಾಯಿಂದ ಹೇಳಿಸಬೇಕು ಎಂದು ಹೊಳೆದದ್ದು ಅವ್ವನಿಗೆ.

ಅಡುಗೆಮನೆಯಲ್ಲಿ ಒಗ್ಗರಣೆ ನಿಂತಿತು. ಕೀಮೋ ಆದ ಮೂರ್ನಾಲ್ಕು ದಿನ ಸಾಸಿವೆ ಸಿಡಿದ ವಾಸನೆಗೇ ಅಪ್ಪನ ಹೊಟ್ಟೆ ತೊಳಸುತ್ತಿತ್ತು. ಅವರು ಕರೆಂಟಿಗೆ ಹೋದ ಹೊತ್ತು ನೋಡಿಕೊಂಡು, ಕಿಟಕಿ ಬಾಗಿಲೆಲ್ಲ ತೆರೆದು, ನಮಗೆಂದು ಒಂದು ಸಾರು ಮಾಡಿ ಮುಚ್ಚಿಡುತ್ತಿದ್ದಳು ಅವ್ವ. ಅವರ ಮುಂದೆ ನಾವು ತಟ್ಟೆ ಹಿಡಿದು ಕೂರುವ ಹಾಗಿಲ್ಲ. ಮುದ್ದೆ, ಸೊಪ್ಪಿನ ಸಾರು, ಮೆಣಸಿನಕಾಯಿ ಚಟ್ನಿ ಎಂದರೆ ಪ್ರಾಣ ಬಿಡುವ ಮನುಷ್ಯನ ಮುಂದೆ ಹೇಗೆ ತಾನೆ ಉಣ್ಣುವುದು? ಸರದಿಯ ಮೇಲೆ ಅಡುಗೆಮನೆಯ ಮೂಲೆಯಲ್ಲಿ, ನಿಂತುಕೊಂಡು, ಕದ್ದವರಂತೆ ಉಂಡೆವು. ಅವ್ವ ಅದನ್ನೂ ಬಿಟ್ಟಳು. ಅಪ್ಪನಿಗೆ ಸೋಸಿ ಉಳಿದ ಗಸಿಯನ್ನೇ ಕುಡಿದು ಮಲಗುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಅವಳ ಮಾತ್ರೆಯ ಪಟ್ಟಿ ತುಂಬಿದ್ದ ಹಾಗೇ ಇದ್ದದ್ದು ಮೊದಲು ಕಂಡದ್ದು ಕೆಳಗಿನ ಮನೆಯ ಆಂಟಿಗೆ. ಅಂದಿನಿಂದ ಅವರ ಮನೆಯಿಂದ ಮಧ್ಯಾಹ್ನಕ್ಕೊಂದು ಡಬ್ಬಿ ಅವ್ವನ ಹೆಸರಿಗೇ ಬರತೊಡಗಿತು. ಡಬ್ಬಿ ಖಾಲಿ ಮಾಡಿಕೊಟ್ಟರೇ ವಾಪಸ್ಸು ಎಂದು ಷರತ್ತು. ಕ್ಯಾನ್ಸರ್ ಮನೆಗೆ ಮೂಸಂಬಿ ಒಯ್ಯುವವರು ಈ ಆಂಟಿಯನ್ನು ನೋಡಿ ಕಲಿಯಲಿ. ರೋಗಿಗೆ ತಿನ್ನಿಸುವವರು ಹತ್ತು ಜನ ಇರುತ್ತಾರೆ, ರೋಗಿಯನ್ನು ನೋಡಿಕೊಳ್ಳುವವರ ತಟ್ಟೆಯ ಕಡೆ ಕಣ್ಣು ಹಾಯಿಸುವವರು ಒಬ್ಬರೂ ಇರುವುದಿಲ್ಲ.

ಇನ್ನು ಬಂದವರು ತರುವ ಪಥ್ಯಗಳು. ಲಕ್ಷ್ಮಣ ಫಲ, ಗೋಧಿಹುಲ್ಲಿನ ರಸ, ಪರಂಗಿ ಎಲೆಯ ರಸ, ಗೋಮೂತ್ರ, ಅರಿಶಿನ. ಸಕ್ಕರೆ ಪೂರಾ ಬಿಡಿ, ಹಾಲು ಬಿಡಿ, ಮೊಟ್ಟೆ ಬಿಡಿ. ಒಬ್ಬರು ಮಲೆನಾಡಿನ ನಾಟಿ ವೈದ್ಯರ ವಿಳಾಸ ಕೊಟ್ಟರೆ ಇನ್ನೊಬ್ಬರು ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಕಳಿಸುತ್ತಾರೆ. ಇವರೆಲ್ಲರೂ ಕಾಳಜಿಯಿಂದಲೇ ಹೇಳುವವರು. ತೊಂದರೆಯೆಂದರೆ, ಬಿಡಿ ಬಿಡಿ ಎಂಬ ಪಟ್ಟಿಯನ್ನು ಪಾಲಿಸುತ್ತ ಹೋದರೆ ಉಣ್ಣಲಾಗದ ಮನುಷ್ಯನಿಗೆ ಉಳಿಯುವುದು ಬಿಸಿನೀರೊಂದೇ. ಕೀಮೋ ನಡೆಯುವಾಗ ಬಿಳಿ ರಕ್ತಕಣಗಳು ಇಳಿಯುತ್ತವೆ, ಸಾಮಾನ್ಯವಾಗಿ ಔಷಧ ಕೊಟ್ಟ ಒಂದೆರಡು ವಾರದಲ್ಲಿ. ಆಗ ಸರಿಯಾಗಿ ತೊಳೆಯದ ಹಸಿ ಸೊಪ್ಪಿನ ರಸ, ಬೀದಿಯ ಕಬ್ಬಿನಹಾಲು ಅಮೃತವಲ್ಲ, ಸೋಂಕಿನ ದಾರಿ. ಬೇಯಿಸಿದ್ದು, ಬಿಸಿಯಾಗಿದ್ದು, ಆಗಿಂದಾಗ ಮಾಡಿದ್ದು ಎಂಬ ನಮ್ಮ ಅಜ್ಜಿಯರ ನಿಯಮವೇ ಸಾಕು. ಥರ್ಮಾಮೀಟರು 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ಕಷಾಯ ಕಾಯಿಸುತ್ತ ಕೂರುವ ಸಮಯವಲ್ಲ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಯಾವ ಸೊಪ್ಪು, ಯಾವ ಪುಡಿ ಕೊಡಬೇಕೆಂದು ಮನಸ್ಸಿದ್ದರೂ ಚಿಕಿತ್ಸೆ ಕೊಡುವ ಡಾಕ್ಟರಿಗೆ ಹೇಳಿಯೇ ಕೊಡಬೇಕು. ಗುಟ್ಟಾಗಿ ಕೊಡುವವರೇ ಹೆಚ್ಚು ಎಂದು ಡಾಕ್ಟರುಗಳಿಗೂ ಗೊತ್ತಿದೆ.

ಇಲ್ಲಿಂದ ಗಾದೆಯ ಎರಡನೆಯ ಅರ್ಧ. ಗುಟ್ಟು ಎಂಬುದು ಕ್ಯಾನ್ಸರ್ ಆದ ಮನೆಯಲ್ಲಿ ಮೊದಲು ಹುಟ್ಟುವ ಕೂಸು. ‘ಅಪ್ಪಂಗೆ ಹೇಳ್ಬ್ಯಾಡ, ಎದೆ ಒಡ್ಕಂತಾರೆ’ ಎಂದ ದೂರದೇಶದಲ್ಲಿರುವ ತಮ್ಮ. ಡಾಕ್ಟರ ಕೋಣೆಗೆ ರೋಗಿಗಿಂತ ಮೊದಲು ಮಗನೊಬ್ಬ ನುಗ್ಗಿ, ‘ಸಾರ್, ಅವರ ಮುಂದೆ ಆ ಹೆಸರು ಎತ್ತಬೇಡಿ’ ಎಂದು ಕೈಮುಗಿಯುವುದು ನಮ್ಮಲ್ಲಿ ದಿನವೂ ನಡೆಯುವ ವಿದ್ಯಮಾನ. ‘ಗಡ್ಡೆ’ ಎನ್ನುತ್ತಾರೆ, ‘ಹುಣ್ಣು’ ಎನ್ನುತ್ತಾರೆ, ‘ಸ್ವಲ್ಪ ಇನ್ಫೆಕ್ಷನ್’ ಎನ್ನುತ್ತಾರೆ. ಆದರೆ ಮುಚ್ಚಿಡುವುದಾದರೂ ಎಲ್ಲಿ? ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ 1973ರಲ್ಲಿ ಶುರುವಾದದ್ದು. ಅಲ್ಲಿಂದೀಚೆಗೆ ಆ ಹೆಸರೇ ಹಳ್ಳಿಗಳಲ್ಲಿ ರೋಗದ ಹೆಸರಾಗಿದೆ. ‘ಕಿದ್ವಾಯಿಗೆ ಕರ್ಕೊಂಡ್ ಹೋಗ್ಯಾರೆ’ ಎಂದರೆ ಬೇರೆ ವರದಿ ಬೇಕಿಲ್ಲ. ಆ ಹೆಸರಿನ ಮೂಲಪುರುಷ ರಫಿ ಅಹ್ಮದ್ ಕಿದ್ವಾಯಿ 1954ರಲ್ಲಿ ತೀರಿಕೊಂಡಾಗ ಕೇಂದ್ರದಲ್ಲಿ ಆಹಾರ ಮಂತ್ರಿಯಾಗಿದ್ದವರು ಎಂದು ಗೊತ್ತಾದಾಗ ನನಗೆ ಈ ಗಾದೆಯೇ ನೆನಪಾಯಿತು. ಇನ್ನು ಯಾವುದೇ ಕ್ಯಾನ್ಸರ್ ಆಸ್ಪತ್ರೆಯ ಬೆಂಚಿನ ಮೇಲೆ ಕೂತರೂ ಪಕ್ಕದವರು ಕೇಳುವುದು ಊರು, ಹೆಸರು ಅಲ್ಲ, ‘ನಿಮಗೆ ಎಲ್ಲಿ?’ ಎಂದು. ಗಂಟಲು, ಸ್ತನ, ಗರ್ಭಕೋಶ ಎಂದು ಅಲ್ಲಿ ಜನ ನಿರಾಳವಾಗಿ ಹೇಳಿಕೊಳ್ಳುತ್ತಾರೆ. ಮನೆಯಲ್ಲಿ ಆಡಲಾಗದ ಮಾತು ಅಪರಿಚಿತರ ನಡುವೆ ಸಲೀಸಾಗಿ ಹೊರಬರುತ್ತದೆ.

ಆಪರೇಷನ್ನಿನ ಹಿಂದಿನ ಸಂಜೆ, ಇನ್ನೂ ಮಾತು ಬರುತ್ತಿದ್ದಾಗ, ಅಪ್ಪ ನನ್ನನ್ನು ಹತ್ತಿರ ಕರೆದು, ‘ನಂಗೆ ಎಲ್ಲಾ ಗೊತ್ತೈತೆ ಕಣೋ. ನಿಮ್ಮವ್ವಂಗೆ ಹೇಳ್ಬ್ಯಾಡ’ ಎಂದರು. ಅವ್ವ ಅದೇ ಬೆಳಿಗ್ಗೆ ಆಸ್ಪತ್ರೆಯ ನಲ್ಲಿಯ ಹತ್ತಿರ ಫ್ಲಾಸ್ಕು ತೊಳೆಯುತ್ತ ಹೇಳಿದ್ದೂ ಅಕ್ಷರಶಃ ಅದನ್ನೇ, ‘ನಿಮ್ಮಪ್ಪಂಗೆ’ ಎಂಬುದೊಂದು ಬದಲು. ಮಾತು ಬಲ್ಲವರಿಬ್ಬರೂ ಹೀಗೆ ಒಬ್ಬರನ್ನೊಬ್ಬರು ಕಾಯುತ್ತ ಒಂದೇ ಕೋಣೆಯಲ್ಲಿ ಬೇರೆಬೇರೆ ಆಗಿಹೋಗಿದ್ದರು. ಜಗಳವೇನೋ ಇರಲಿಲ್ಲ. ಗಾದೆಯ ಲೆಕ್ಕದಲ್ಲಿ ಅದು ಸುಖವಾಗಿರುವ ಮನೆ.

ಇದನ್ನು ಬಿಡಿಸಿದ್ದು ನಾನಲ್ಲ, ಉಪಶಾಮಕ ಆರೈಕೆಯ ವಿಭಾಗದ ಡಾಕ್ಟರು. ನೋವಿನ ಮಾತ್ರೆ ಬರೆಯಲು ಬಂದವರು ಕುರ್ಚಿ ಎಳೆದುಕೊಂಡು ಕೂತು, ನಮ್ಮ ಕಡೆ ನೋಡದೆ ಅಪ್ಪನನ್ನೇ ಕೇಳಿದರು: ‘ಯಜಮಾನ್ರೇ, ನಿಮಗೆ ಏನಾಗಿದೆ ಅಂತ ನಿಮಗೆ ಅನಿಸುತ್ತೆ? ಎಲ್ಲಾ ವಿವರ ನಿಮಗೇ ಹೇಳಲಾ, ಇಲ್ಲ ಮಗನಿಗೆ ಹೇಳಿದರೆ ಸಾಕಾ?’ ಎಷ್ಟು ಸರಳವಾದ ಪ್ರಶ್ನೆ! ಹೇಳಬೇಕೋ ಬೇಡವೋ ಎಂದು ನಾವು ವಾರಗಟ್ಟಲೆ ಒದ್ದಾಡಿದ್ದೆವು, ಎಷ್ಟು ತಿಳಿಯಬೇಕು ಎಂದು ತಿಳಿಯಬೇಕಾದವರನ್ನೇ ಕೇಳುವುದು ಯಾರಿಗೂ ಹೊಳೆದಿರಲಿಲ್ಲ. ಅಪ್ಪ ‘ಇಬ್ರ ಮುಂದೂ ಹೇಳಿ’ ಎಂದು ಬರೆದರು, ಅವ್ವನನ್ನು ತೋರಿಸಿ.

ಮಾತು ಹೋದವರ ಪರವಾಗಿ ಮಾತಾಡುವಾಗ ಇನ್ನೊಂದು ಅಪಾಯ ಇದೆ. ಬಂದವರೆಲ್ಲ, ಆಸ್ಪತ್ರೆಯವರೂ ಸೇರಿ, ರೋಗಿಯನ್ನು ಎದುರಿಗಿಟ್ಟುಕೊಂಡೇ ‘ಅವರು ನಿದ್ದೆ ಮಾಡ್ತಾರಾ? ಮೋಷನ್ ಆಯ್ತಾ?’ ಎಂದು ಮನೆಯವರನ್ನು ಕೇಳುತ್ತಾರೆ. ಬಾಯಿಗೆ ಬ್ಯಾಂಡೇಜು ಹಾಕಿದರೆ ಕಿವಿಗೂ ಹಾಕಿದಂತೆ. ಉತ್ತರ ಕೊಡುವ ಮೊದಲು ಕ್ಯಾಲೆಂಡರನ್ನೂ ಪೆನ್ನನ್ನೂ ಅಪ್ಪನ ಕಡೆ ಸರಿಸುವುದನ್ನು ತಂಗಿ ರೂಢಿ ಮಾಡಿಕೊಂಡಳು. ಅವರು ಬರೆಯುವ ತನಕ ಕೇಳಿದವರು ಕಾಯಬೇಕು. ಕೆಲವರಿಗೆ ಮುಜುಗರವಾಗುತ್ತಿತ್ತು, ಆಗಲಿ.

ಜಗಳವಿಲ್ಲ ಎಂಬ ಭರವಸೆಯನ್ನಂತೂ ನಾನು ಒಪ್ಪುವುದಿಲ್ಲ. ಆಡಲೇಬೇಕಾದ ಜಗಳಗಳಿರುತ್ತವೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ 2018ರಿಂದ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಉಳಿದವರಿಗೆ ಪ್ಯಾಕೇಜಿನ ಶೇ. 30ರಷ್ಟು. ಆದರೆ ರೆಫರಲ್ ಪತ್ರ, ಸೀಲು, ಕಾರ್ಡಿನಲ್ಲಿರುವ ಹೆಸರಿನ ಕಾಗುಣಿತ ಎಂದು ಕೌಂಟರಿನಲ್ಲಿ ಗಂಟಲು ಒಣಗಿಸಿಕೊಳ್ಳುವುದು ಯಾರಿಗೂ ತಪ್ಪಿದ್ದಲ್ಲ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರಿನಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75, ಅದಕ್ಕೂ ಆಸ್ಪತ್ರೆಯ ಪತ್ರ ಬೇಕು. ಬಾಯಿ ಇದ್ದವರಿಗೇ ಇವೆಲ್ಲ ಸಿಗುವುದು. ಅಣ್ಣತಮ್ಮಂದಿರ ಜಗಳ ಬೇರೆ ಥರದ್ದು. ದೂರ ಇರುವವನು ಹಣ ಕಳಿಸುತ್ತಾನೆ, ಅದರ ಹಿಂದೆಯೇ ಓದಿದ ಲೇಖನಗಳನ್ನೂ ಕಳಿಸುತ್ತಾನೆ, ‘ಸೆಕೆಂಡ್ ಒಪೀನಿಯನ್ ತಗೊಂಡ್ಯಾ?’ ಎಂದು ಕೇಳುತ್ತಾನೆ. ಹತ್ತಿರ ಇರುವವನಿಗೆ ಸಿರಿಂಜು ತೊಳೆಯುವಾಗ ಆ ಪ್ರಶ್ನೆ ಮುಳ್ಳಿನಂತೆ ಚುಚ್ಚುತ್ತದೆ. ಅಪ್ಪನ ದಿನದ ಲೆಕ್ಕ, ಎಷ್ಟು ಮಿಲಿಲೀಟರ್ ಹೋಯಿತು, ಜ್ವರ ಎಷ್ಟು, ಮುಂದಿನ ರಕ್ತಪರೀಕ್ಷೆ ಯಾವಾಗ ಎಂಬುದನ್ನೆಲ್ಲ ಬರೆದಿಡುವ ಕೆಲಸವನ್ನು ತಮ್ಮನಿಗೇ ವಹಿಸಿದ ಮೇಲೆ, ರಾತ್ರಿ ಫೋನು ಮಾಡಿ ಕೇಳಿ ಬರೆದುಕೊಳ್ಳಬೇಕಾದ್ದರಿಂದ, ಅವನ ಪ್ರಶ್ನೆಗಳ ಧಾಟಿಯೇ ಬದಲಾಯಿತು.

ಎಲ್ಲಕ್ಕಿಂತ ದೊಡ್ಡ ಜಗಳ ಅಪ್ಪನ ಜೊತೆಗೇ. ಕರೆಂಟಿನ ಐದನೆಯ ವಾರ ‘ಸಾಕು, ಊರಿಗೆ ಹೋಗಣ’ ಎಂದು ಬರೆದು ಪೆನ್ನು ಎಸೆದರು. ತಲೆ-ಕತ್ತಿನ ರೇಡಿಯೇಷನ್ನನ್ನು ನಡುವೆ ಬಿಟ್ಟರೆ, ದಿನಗಟ್ಟಲೆ ತಪ್ಪಿಸಿದರೂ, ಮಾಡಿದ ಚಿಕಿತ್ಸೆಯ ಬಲ ಕುಗ್ಗುತ್ತದೆ. ‘ಎಲ್ಲಾ ಸರಿಹೋಗ್ತದೆ ಅಪ್ಪಾ’ ಎಂಬ ಮಾತು ಅವರಿಗೆ ಸಾಕಾಗಿತ್ತು. ಮರುದಿನ ಅದೇ ಕಾಗದವನ್ನು ಅವರ ಕೈಯಿಂದಲೇ ಡಾಕ್ಟರಿಗೆ ಕೊಡಿಸಿದೆವು. ನೋವಿಗೆ ಮಾತ್ರೆ ಬದಲಾಯಿತು, ಉಪ್ಪು-ಸೋಡದ ಬೆಚ್ಚನೆಯ ನೀರಿನಲ್ಲಿ ಬಾಯಿ ಮುಕ್ಕಳಿಸುವುದು ಗಂಟೆಗಂಟೆಗೆ ಆಯಿತು, ಉಳಿದಿರುವುದು ಎಷ್ಟು ಎಂದು ಡಾಕ್ಟರು ಬೆರಳೆಣಿಸಿ ತೋರಿಸಿದರು. ಅಪ್ಪ ನಮ್ಮ ಜೊತೆ ಎರಡು ದಿನ ಮಾತು ಬಿಟ್ಟರು, ಅಂದರೆ ಬರೆಯಲಿಲ್ಲ. ಆದರೆ ಕರೆಂಟಿಗೆ ಬಂದರು.

ಎಲ್ಲ ಮನೆಗಳಲ್ಲೂ ಚಿಕಿತ್ಸೆ ವಾಸಿಯ ಕಡೆಗೇ ನಡೆಯುವುದಿಲ್ಲ. ಅಂಥ ಕಡೆ ಊಟ ಬಲ್ಲವರ ಪರೀಕ್ಷೆ ಇನ್ನೂ ಕಠಿಣ. ಕೊನೆಯ ದಿನಗಳಲ್ಲಿ ದೇಹವೇ ಅನ್ನವನ್ನು ದೂರ ತಳ್ಳುತ್ತದೆ. ‘ಊಟ ಬಿಟ್ಟರು, ಅದಕ್ಕೇ ಹೋಗ್ತಿದಾರೆ’ ಎಂದುಕೊಂಡು ಮಕ್ಕಳು ಬಾಯಿಗೆ ತುರುಕುತ್ತಾರೆ. ಹೋಗುತ್ತಿರುವುದರಿಂದ ಊಟ ಬಿಟ್ಟಿರುತ್ತಾರೆ ಎಂದು ಆರೈಕೆಯವರು ತಿಳಿಹೇಳಬೇಕಾಗುತ್ತದೆ. ತುರುಕಿದ್ದು ಶ್ವಾಸನಾಳಕ್ಕೆ ಹೋಗಿ ಇಲ್ಲದ ಸಂಕಟ ತರುತ್ತದೆ; ತುಟಿ ಒದ್ದೆ ಮಾಡುವುದೇ ಆಗ ದೊಡ್ಡ ಉಪಚಾರ. ಬೆಂಗಳೂರಿನ ಕರುಣಾಶ್ರಯ 1999ರಿಂದ ಇಂಥ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಮಾರ್ಫಿನ್ ಸಿಗುವುದು ಸ್ವಲ್ಪ ಸುಲಭವಾಗಲೆಂದು ಮಾದಕವಸ್ತು ಕಾಯಿದೆಗೆ 2014ರಲ್ಲಿ ತಿದ್ದುಪಡಿ ಬಂದಿದೆ. ನೋವು ಕಡಿಮೆಯಾದರೆ ಎಷ್ಟೋ ಜನ ತಾವಾಗಿ ಎರಡು ಮಾತಾಡುತ್ತಾರೆ, ಎರಡು ಗುಟುಕು ಕೇಳುತ್ತಾರೆ.

ಅಪ್ಪ ಈಗ ಊರಲ್ಲಿದ್ದಾರೆ. ಬಾಯಿ ಎರಡು ಬೆರಳಷ್ಟು ತೆರೆಯುತ್ತದೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಂಡು ದವಡೆಗೆ ವ್ಯಾಯಾಮ ಕೊಡಬೇಕು. ಅದನ್ನು ಬೆಳಿಗ್ಗೆ ತೋಟದ ಕಟ್ಟೆಯ ಮೇಲೆ ಕೂತು ಮಾಡುತ್ತಾರೆ, ಕಡ್ಡಿ ಹೆಚ್ಚಿದಾಗ ದಾರಿಹೋಕರಿಗೂ ತೋರಿಸುತ್ತಾರೆ. ಮಾತು ತೊದಲುತ್ತದೆ, ನಿಲ್ಲುವುದಿಲ್ಲ. ಸುತ್ತಮುತ್ತಲ ಹಳ್ಳಿಗಳಲ್ಲಿ ಯಾರಿಗಾದರೂ ‘ಅದು’ ಎಂದು ಗೊತ್ತಾದರೆ ಅವರ ಮನೆಯ ಹೆಂಗಸರು ಈಗ ಅವ್ವನಿಗೆ ಫೋನು ಮಾಡುತ್ತಾರೆ. ಅಂಬಲಿಗೆ ರಾಗಿ ಎಷ್ಟು, ಎಷ್ಟು ಸಲ ಸೋಸುವುದು, ವಾಂತಿಯಾದರೆ ಎಷ್ಟು ಹೊತ್ತು ಬಿಟ್ಟು ಕೊಡುವುದು ಎಂದು ಅವಳು ಎಲ್ಲ ಬಿಡಿಸಿ ಹೇಳುತ್ತಾಳೆ. ಮೊನ್ನೆ ಅಂಥದ್ದೇ ಒಂದು ಫೋನಿನಲ್ಲಿ, ‘ಬಲವಂತ ಮಾಡ್ಬ್ಯಾಡ್ರಮ್ಮ, ಬೈದು ಕುಡಿಸ್ಬ್ಯಾಡ್ರಿ, ನಾನು ಒಂದಿನಾನೂ ಬೈದಿಲ್ಲ’ ಎನ್ನುತ್ತಿದ್ದಳು. ಪಡಸಾಲೆಯಿಂದ ಅಪ್ಪ ತೊದಲುತ್ತಲೇ ಜೋರಾಗಿ, ‘ಸುಳ್ಳು ಹೇಳ್ಬ್ಯಾಡ ಕಣೇ, ದಿನಾ ಬೈತಿದ್ದೆ!’ ಎಂದರು. ‘ನೀವು ಸುಮ್ಕಿರ್ರಿ, ನಾನು ಫೋನಲ್ಲಿದೀನಿ’ ಎಂದು ಅವ್ವ ಅಡುಗೆಮನೆಯ ಬಾಗಿಲು ಎಳೆದುಕೊಂಡು ಅಂಬಲಿಯ ಅಳತೆಗೆ ವಾಪಸಾದಳು.